ಮೂರು ಸಾವಿರ ಬಂತು, ಆದರೆ ಯಾವ ಖಾತೆಗೆ?

"ನಿನ್ನ ದುಡ್ಡು ಹೋಗಿದೆ ಕಣವ್ವ, ಇಲ್ಲಿ ತೋರಿಸ್ತಾ ಇದೆ" ಎಂದರು ಅಂಗನವಾಡಿ ಟೀಚರ್. ನನ್ನ ಪಾಸ್‌ಬುಕ್‌ನಲ್ಲಿ ಇದ್ದದ್ದು 214 ರೂಪಾಯಿ. ಎರಡು ವಾರದಲ್ಲಿ ಮೂರು ಸಲ ಎಂಟ್ರಿ ಹಾಕಿಸಿದೆ. ಮೂರು ಸಲವೂ 214.

ಆಗ ನಾನು ಆರು ತಿಂಗಳ ಬಸುರಿ. 2024ರ ಸೆಪ್ಟೆಂಬರ್. ಬಸುರಿಯರಿಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಮಾತೃವಂದನಾ ಯೋಜನೆಯ ಮೊದಲ ಕಂತು ಮೂರು ಸಾವಿರ ಬರಬೇಕಿತ್ತು. ಮೊದಲ ಮಗುವಿಗೆ ಒಟ್ಟು ಐದು ಸಾವಿರ. ಬಸುರಿ ಎಂದು ನೋಂದಣಿಯಾಗಿ ಒಂದು ತಪಾಸಣೆ ಮುಗಿದಿದ್ದರೆ 3,000. ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಮೊದಲೆಲ್ಲ ಮೂರು ಕಂತು ಇತ್ತಂತೆ, ಈಗ ಎರಡೇ.

ಅರ್ಜಿ ಹಾಕುವುದು ಕಷ್ಟ ಆಗಲಿಲ್ಲ. ನರ್ಸಮ್ಮ ಕೊಟ್ಟ ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್. ಕೊನೆಯ ಮುಟ್ಟಿನ ದಿನಾಂಕ ಕೇಳಿದರು. ಟೀಚರ್ ಮೊಬೈಲ್‌ನಲ್ಲೇ ತುಂಬಿದರು. ಒಂದೇ ತಕರಾರು ಬಂದದ್ದು ಹೆಸರಿನಲ್ಲಿ. ತಾಯಿ ಕಾರ್ಡ್‌ನಲ್ಲಿ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. "ಆಧಾರ್‌ನಲ್ಲಿ ಹೆಂಗಿದೆಯೋ ಹಂಗೇ ಬರೀಬೇಕು" ಎಂದು ಹಾಗೇ ಬರೆದರು.

ನಿಜವಾದ ಕಷ್ಟ ಮನೆಯಲ್ಲಿತ್ತು. ದುಡ್ಡಿನ ವಿಷಯಕ್ಕಲ್ಲ, ಊಟದ ವಿಷಯಕ್ಕೆ. ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ ಕೊಡುತ್ತಾರೆ, ಮಾತೃಪೂರ್ಣ ಅಂತ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ಇದೆ. ಅನ್ನ, ಸಾರು, ಪಲ್ಯ, ಮೊಟ್ಟೆ, ಒಂದು ಲೋಟ ಹಾಲು, ಕಡಲೆಬೀಜದ ಚಿಕ್ಕಿ. ಅಲ್ಲೇ ಕೂತು ಉಣ್ಣಬೇಕು. ಉಂಡ ಮೇಲೆ ಕಬ್ಬಿಣದ ಮಾತ್ರೆ. ಬಿಪಿಎಲ್ ಕಾರ್ಡ್ ಇರಲೇಬೇಕು ಅಂತೇನೂ ಇಲ್ಲ, ಹೆಸರು ಬರೆಸಿದರೆ ಸಾಕು.

"ನಮ್ಮನೇಲಿ ಅನ್ನಕ್ಕೇನು ಗತಿ ಇಲ್ವಾ?" ಎಂದರು ಅತ್ತೆ. ಮನೆಯ ಯಜಮಾನಿ ಅವರೇ. ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೇ ಬರುತ್ತದೆ. ಅದು ಬರುವುದು ಒಂದು ವಾರ ತಡವಾದರೂ ಬ್ಯಾಂಕಿಗೆ ಹೋಗಿ ಕೇಳುತ್ತಾರೆ. ಸರ್ಕಾರದ ದುಡ್ಡು ಪರವಾಗಿಲ್ಲ, ಸರ್ಕಾರದ ಅನ್ನ ಮಾತ್ರ ಅವಮಾನ! ನಾನು ಬಾಯಿ ಬಿಡಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.9 ಬಂದಿತ್ತು, ರಕ್ತ ಕಡಿಮೆ ಅಂತ. ಆ ಚೀಟಿಯನ್ನು ಯಜಮಾನರ ಕೈಗೆ ಕೊಟ್ಟೆ, ಅವರು ಅತ್ತೆಗೆ ಓದಿ ಹೇಳಿದರು. ಮಾರನೇ ದಿನದಿಂದ ಹೋದೆ.

ಅಷ್ಟಕ್ಕೂ ನಮ್ಮದು ತಿ. ನರಸೀಪುರ ತಾಲ್ಲೂಕು. ಕರ್ನಾಟಕದಲ್ಲಿ ಅಂಗನವಾಡಿ ಶುರುವಾದದ್ದೇ ನಮ್ಮ ತಾಲ್ಲೂಕಿನಲ್ಲಿ, 1975ರಲ್ಲಿ. ಟೀಚರ್ ಇದನ್ನು ಹೊಸಬರಿಗೆಲ್ಲ ಒಂದು ಸಲ ಹೇಳಿಯೇ ಹೇಳುತ್ತಾರೆ. ಊಟ ಹೇಗಿತ್ತು ಅಂದರೆ, ಸಾರು ಕೆಲವು ದಿನ ನೀರು ನೀರು. ಮೊಟ್ಟೆ, ಹಾಲು ತಪ್ಪಲಿಲ್ಲ. ಮನೆಯಲ್ಲಾಗಿದ್ದರೆ ಆ ಮೊಟ್ಟೆ ನನ್ನ ತಟ್ಟೆಗೆ ಬರುತ್ತಿತ್ತಾ? ಮೈದುನನ ತಟ್ಟೆಗೆ ಹೋಗುತ್ತಿತ್ತು.

ಈಗ ಆ ಮೂರು ಸಾವಿರದ ಕಥೆ. ಬ್ಯಾಂಕಿನಲ್ಲಿ ಕೇಳಿದರೆ "ನಮಗೆ ಬಂದಿಲ್ಲ, ಅಂಗನವಾಡೀಲಿ ಕೇಳಿ" ಎಂದರು. ಅಂಗನವಾಡಿಯಲ್ಲಿ "ಬ್ಯಾಂಕಲ್ಲಿ ಕೇಳು". ಸುಮ್ನೆ ಓಡಾಡಿದ್ದೇ ಬಂತು. ಕೊನೆಗೆ ಊರಿನ ಕಂಪ್ಯೂಟರ್ ಅಂಗಡಿಯ ಹುಡುಗ ಹೇಳಿದ, "ಅಕ್ಕ, ದುಡ್ಡು ನೀವು ಕೊಟ್ಟ ಪಾಸ್‌ಬುಕ್ ನೋಡಿ ಬರಲ್ಲ. ಆಧಾರ್‌ಗೆ ಯಾವ ಬ್ಯಾಂಕ್ ಸೀಡ್ ಆಗಿದೆಯೋ ಅಲ್ಲಿಗೆ ಹೋಗುತ್ತೆ."

ಇದು ನನಗೆ ಗೊತ್ತೇ ಇರಲಿಲ್ಲ. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಸರ್ಕಾರದ ದುಡ್ಡು ಬರಲು ಸೀಡ್ ಆಗಿರುವುದು ಬೇರೆ. ಎಷ್ಟು ಬ್ಯಾಂಕಿನಲ್ಲಿ ಖಾತೆ ಇದ್ದರೂ ಸೀಡ್ ಆಗಿರುವುದು ಒಂದೇ ಬ್ಯಾಂಕ್. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಅಲ್ಲಿ ನೋಡಬಹುದು. ಒಟಿಪಿ ಬೇಕು. ನನ್ನ ಆಧಾರ್‌ಗೆ ಇದ್ದದ್ದು ಯಜಮಾನರ ನಂಬರ್. ಮದುವೆಯಾದ ಮೇಲೆ ವಿಳಾಸ ಬದಲಾಯಿಸುವಾಗ ಕೊಟ್ಟಿದ್ದು. ಅವರು ನಂಜನಗೂಡಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ, ಡ್ಯೂಟಿಯಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಭಾನುವಾರದ ತನಕ ಕಾದೆವು.

ನೋಡಿದರೆ ಮೈಸೂರಿನ ಬ್ಯಾಂಕ್! ಕಾಲೇಜಿನಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ ಖಾತೆ. ಅದು ಇದೆ ಅನ್ನುವುದನ್ನೇ ಮರೆತಿದ್ದೆ. ಎರಡು ವರ್ಷಕ್ಕಿಂತ ಜಾಸ್ತಿ ವ್ಯವಹಾರ ಇಲ್ಲದ್ದರಿಂದ ಖಾತೆ ಮಲಗಿತ್ತು. ದುಡ್ಡು ಒಳಗೆ ಹೋಗಿದೆ, ತೆಗೆಯಲು ಬರುವುದಿಲ್ಲ. ಫ್ರೀ ಬಸ್ಸಿನಲ್ಲಿ ಎರಡು ಸಲ ಹೋಗಿ ಬಂದೆ. ಮೊದಲ ಸಲ ಫೋಟೋ ಒಯ್ದಿರಲಿಲ್ಲ. ಎರಡನೇ ಸಲ ಕೆವೈಸಿ ಕೊಟ್ಟು, ಖಾತೆ ಎಬ್ಬಿಸಿ, ದುಡ್ಡು ತೆಗೆದೆ. ಆಮೇಲೆ ಊರಿನ ಬ್ಯಾಂಕಿನಲ್ಲಿ ಸೀಡಿಂಗ್ ಬದಲಾಯಿಸುವ ಫಾರಂ ತುಂಬಿದೆ. ಕೌಂಟರ್‌ನಲ್ಲಿ "ಆಧಾರ್ ಲಿಂಕ್ ಮಾಡಿ" ಎಂದಷ್ಟೇ ಹೇಳಿದರೆ ಖಾತೆಗೆ ಮಾತ್ರ ಸೇರಿಸಿ ಕಳಿಸುತ್ತಾರೆ. "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಬದಲಾಯಿಸಬೇಕು" ಎಂದು ಬಿಡಿಸಿ ಹೇಳಬೇಕು. ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು, ಎನ್‌ಪಿಸಿಐ ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನುವ ಪಟ್ಟಿ ಇಟ್ಟಿರುವ ಸಂಸ್ಥೆ. ಈ ಮಾತನ್ನು ಆ ಹುಡುಗ ಚೀಟಿಯಲ್ಲಿ ಬರೆದುಕೊಟ್ಟಿದ್ದ.

ಸೀಮಂತ ಆಗಿ ತವರಿಗೆ ಹೋದಾಗ ಇನ್ನೊಂದು. ಅಲ್ಲಿನ ಅಂಗನವಾಡಿಯಲ್ಲಿ "ನಿನ್ನ ಹೆಸರು ಅಲ್ಲೇ ಇದೆ, ಇಲ್ಲಿ ಹಾಕೋಕೆ ಬರಲ್ಲ" ಎಂದರು. ನಮ್ಮ ಟೀಚರ್‌ಗೆ ಫೋನ್ ಮಾಡಿದೆ. ಅವರು ಆ್ಯಪ್‌ನಲ್ಲಿ ಹೆಸರು ವರ್ಗಾಯಿಸಿದರು. ಐದನೇ ದಿನ ಊಟ ಸಿಕ್ಕಿತು. ಹೊರಡುವ ಮೊದಲೇ ಹೇಳಿದ್ದರೆ ಅಷ್ಟೂ ಇರಲಿಲ್ಲ.

ಡಿಸೆಂಬರ್‌ನಲ್ಲಿ ಮಗಳು ಹುಟ್ಟಿದಳು. 6, 10, 14ನೇ ವಾರದ ಸೂಜಿ ಎಲ್ಲ ತವರಿನಲ್ಲೇ ಆಯಿತು. ಪ್ರತಿ ಸಲವೂ ತಾಯಿ ಕಾರ್ಡ್‌ನಲ್ಲಿ ಬರೆಸಿಕೊಂಡು, ಆ ಪುಟದ ಫೋಟೋ ತೆಗೆದಿಟ್ಟೆ. ಎರಡನೇ ಕಂತು ಎರಡು ಸಾವಿರ ಈ ಸಲ ಸರಿಯಾದ ಖಾತೆಗೇ ಬಂತು.

ಆರು ತಿಂಗಳು ತುಂಬಿದ ಮೇಲೆ ಮಗುವಿಗೆ ಪುಷ್ಟಿ ಪುಡಿಯ ಪೊಟ್ಟಣ. ಅಷ್ಟರಲ್ಲಿ 2025ರ ಜುಲೈ ಬಂತು. ಪೊಟ್ಟಣ ಕೊಡುವ ಮೊದಲು ತಾಯಿಯ ಮುಖ ಮೊಬೈಲ್‌ಗೆ ತೋರಿಸಬೇಕು ಅಂತ ಆಯಿತು. ಅದಕ್ಕೂ ಮುಂಚೆ ಆಧಾರ್ ಇ-ಕೆವೈಸಿ. ಮತ್ತೆ ಒಟಿಪಿ, ಮತ್ತೆ ಯಜಮಾನರ ಫೋನು, ಮತ್ತೆ ಭಾನುವಾರ. ಪಾಪ, ಟೀಚರ್ ರಜೆಯ ದಿನ ಮನೆಗೇ ಬಂದು ಮಾಡಿಕೊಟ್ಟರು. ಅಂಗನವಾಡಿಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಈಗಲೂ ನಾವೆಲ್ಲ ಹೊರಗಿನ ಹೊಂಗೆ ಮರದ ಕೆಳಗೆ ನಿಂತು ಕಣ್ಣು ಮಿಟುಕಿಸುತ್ತೇವೆ. ಆಚೆ ತಿಂಗಳು ಆಧಾರ್ ಸೆಂಟರ್‌ಗೆ ಹೋಗಿ ನನ್ನ ನಂಬರನ್ನೇ ಹಾಕಿಸಿದೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು.

ಪಕ್ಕದ ಮನೆಯವಳಿಗೆ ಎರಡನೆಯದು ಹೆಣ್ಣು ಮಗು. ಎರಡನೆಯದು ಹೆಣ್ಣಾದರೆ ಆರು ಸಾವಿರ ಒಂದೇ ಕಂತಿನಲ್ಲಿ ಬರುತ್ತದೆ. ಮೊನ್ನೆ ಅರ್ಜಿಗೆ ಅಂತ ಕಾಗದ ಹಿಡಿದುಕೊಂಡು ಬಂದಳು. ಅವನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಸೀಡಿಂಗ್ ನೋಡೋಣ ಎಂದೆ. ಒಟಿಪಿ ಹೋಯಿತು. ಇಬ್ಬರೂ ಅವಳ ಫೋನ್ ನೋಡುತ್ತಾ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವಳೇ ನೆನಪು ಮಾಡಿಕೊಂಡು, "ಅಯ್ಯೋ, ಅದು ನಮ್ಮ ತಮ್ಮನ ನಂಬರ್ ಇರ್ಬೇಕು ಕಣಕ್ಕ" ಎಂದಳು.