ಮೊದಲ ಸಲ ಕಂಪ್ಯೂಟರ್ ಜೋಡಿಸುತ್ತೀರಾ? ಬಳ್ಳಾರಿಯ ಬಿಸಿಲು, ದೂಳು ಲೆಕ್ಕದಲ್ಲಿರಲಿ

ಹೊಸ ಕಂಪ್ಯೂಟರ್ ಅಂದ ಕೂಡಲೇ ಎಲ್ಲರೂ ಕೇಳುವುದು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ ಅಂತ. ನಾನು ಮೊದಲು ಕೇಳುವುದು ಬೇರೆ. ನಿಮ್ಮ ಕೋಣೆಯ ಸಾಕೆಟ್‌ಗೆ ಅರ್ಥಿಂಗ್ ಇದೆಯಾ?

ಎಷ್ಟೋ ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತಿರುತ್ತವೆ, ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಅಂಥ ಕಡೆ ಕ್ಯಾಬಿನೆಟ್ (ಕಂಪ್ಯೂಟರಿನ ಹೊರ ಡಬ್ಬಿ) ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ಆಸುಪಾಸು ತೋರಿಸಬೇಕು. ಇದಾದ ಮೇಲೆಯೇ ಅಂಗಡಿಗೆ ಹೋಗಿ.

ಬಿಡಿಭಾಗಗಳು ಒಂದಕ್ಕೊಂದು ಹೊಂದಬೇಕು. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಮಾದರಿಯ ಮದರ್‌ಬೋರ್ಡ್‌ಗೆ (ಎಲ್ಲ ಭಾಗ ಜೋಡಿಸುವ ಮುಖ್ಯ ಬೋರ್ಡ್) ಡಿಡಿಆರ್5 ಬಗೆಯ ರ‍್ಯಾಮ್ ಮಾತ್ರ ಕೂರುತ್ತದೆ. ಇಂಟೆಲ್ ಪ್ರೊಸೆಸರ್‌ನ ಎಲ್‌ಜಿಎ1700 ಮಾದರಿಯ ಬೋರ್ಡ್‌ಗಳಲ್ಲಿ ಡಿಡಿಆರ್4ರದ್ದೂ ಇವೆ, ಡಿಡಿಆರ್5ರದ್ದೂ ಇವೆ, ಡಬ್ಬಿ ಮೇಲೆ ಓದಿಯೇ ತೆಗೆದುಕೊಳ್ಳಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಕ್ಯಾಬಿನೆಟ್ ಜತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಬೇಡ. ಬಣ್ಣದ ಲೈಟಿಗೆ ಹಾಕುವ ದುಡ್ಡನ್ನು ಒಳ್ಳೆ ಎಸ್‌ಎಂಪಿಎಸ್‌ಗೆ ಹಾಕಿ.

ಕ್ಯಾಬಿನೆಟ್ ಮುಂದೆ ಗಾಜಲ್ಲ, ಜಾಲರಿ ಇರಲಿ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಹೊರಗೆ 40 ಡಿಗ್ರಿ ದಾಟುವ ನಮ್ಮ ಊರಲ್ಲಿ ಗಾಳಿ ಸಲೀಸಾಗಿ ಆಡಬೇಕು. ಜಾಲರಿಯ ಹಿಂದೆ ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರಬೇಕು.

ಫಿಲ್ಟರ್ ಯಾಕೆ ಅಂತ ನನಗೆ ಗೊತ್ತಾಗಿದ್ದು ಕೌಲ್ ಬಜಾರ್‌ನ ಚಿಕ್ಕಮ್ಮನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಗೆ, ಹಿಂದಿನ ಕೋಣೆಯಲ್ಲಿ ತಮ್ಮನ ಕಂಪ್ಯೂಟರ್. ಗೇಮ್ ಹಾಕಿದ ಹತ್ತು ನಿಮಿಷಕ್ಕೆ ತಾನಾಗಿ ಆಫ್ ಆಗುತ್ತಿತ್ತು. “ಅಣ್ಣಾ, ಬೋರ್ಡ್ ಹೋಯ್ತೇನು?” ಅಂದ. ಬಿಚ್ಚಿ ನೋಡಿದೆ. ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ನ ಅಲ್ಯೂಮಿನಿಯಂ ಹಲ್ಲುಗಳ ಸಂದಿಯಲ್ಲಿ ನೀಲಿ ನೂಲಿನ ದೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಚಿಮಟದಲ್ಲಿ ಎಳೆದರೆ ಹಾಗೇ ಒಂದು ಪದರ ಎದ್ದು ಬಂತು. ಬೋರ್ಡ್‌ಗೆ ಏನೂ ಆಗಿರಲಿಲ್ಲ.

ಈಗ ಜೋಡಣೆ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಬರಿಯ ಕಬ್ಬಿಣದ ಕಿಟಕಿ ಸರಳು ಮುಟ್ಟಿ, ಮೈಯಲ್ಲಿ ಸೇರಿರುವ ಸ್ಟ್ಯಾಟಿಕ್ ಕರೆಂಟ್ ಕಳೆದುಕೊಳ್ಳಿ. ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೇ ಇಡಿ. ಪ್ರೊಸೆಸರ್ ಮೂಲೆಯ ಪುಟ್ಟ ತ್ರಿಕೋನ ಸಾಕೆಟ್‌ನ ಗುರುತಿಗೆ ಸರಿಯಾಗಿ ಬರಲಿ. ಮೇಲಿಂದ ಸುಮ್ನೆ ಇಟ್ಟು ಬಿಡಿ, ಒತ್ತಬೇಡಿ. ಸಾಕೆಟ್‌ನ ಪಿನ್ ಬಾಗಿದರೆ ಬೋರ್ಡೇ ಹೋದಂತೆ. ಎರಡು ರ‍್ಯಾಮ್ ಇದ್ದು ನಾಲ್ಕು ಸ್ಲಾಟ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಟಕ್ ಅನ್ನುವವರೆಗೂ ಒತ್ತಿ. ಪ್ರೊಸೆಸರ್ ನಡುವೆ ತೊಗರಿ ಬೇಳೆಯಷ್ಟು ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸುವ ಅಂಟು) ಹಾಕಿ. ಕೂಲರ್‌ಗೆ ಮೊದಲೇ ಪೇಸ್ಟ್ ಬಳಿದಿದ್ದರೆ ಬೇರೆ ಬೇಡ. ಕೂಲರ್ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ಹಾಕಿ. ನಾಲ್ಕು ಸ್ಕ್ರೂ ಇದ್ದರೆ ಎದುರುಬದುರು ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಒಮ್ಮೆ ಚಾಲೂ ಮಾಡಿ ನೋಡಿ. ತೊಂದರೆ ಇದ್ದರೆ ಮತ್ತೆಲ್ಲ ಬಿಚ್ಚುವ ಕಷ್ಟ ತಪ್ಪುತ್ತದೆ. ಎಸ್‌ಎಂಪಿಎಸ್‌ನ 24 ಪಿನ್‌ನ ದೊಡ್ಡ ವೈರು, ಪ್ರೊಸೆಸರ್ ಪಕ್ಕದ 8 ಪಿನ್‌ನದು, ಮಾನಿಟರ್ ಮೂರನ್ನೂ ಜೋಡಿಸಿ. ‘ಎಫ್’ ಪ್ರೊಸೆಸರ್ ಆದರೆ ಗ್ರಾಫಿಕ್ಸ್ ಕಾರ್ಡನ್ನೂ ಈಗಲೇ ಹಾಕಿ, ಇಲ್ಲದಿದ್ದರೆ ಚಿತ್ರ ಬರುವುದಿಲ್ಲ. ಬೋರ್ಡ್ ಮೇಲಿರುವ ಪವರ್ ಸ್ವಿಚ್‌ನ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ನನ್ನ ಮೊದಲ ಕಂಪ್ಯೂಟರ್‌ನಲ್ಲಿ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ರಾತ್ರಿ ಒಂದು ಗಂಟೆವರೆಗೆ ಹುಡುಕಿದೆ. 8 ಪಿನ್ ಹಾಕುವುದನ್ನೇ ಮರೆತಿದ್ದೆ.

ಚಿತ್ರ ಬಂದರೆ ವಿದ್ಯುತ್ ತೆಗೆದು, ಬೋರ್ಡನ್ನು ಕ್ಯಾಬಿನೆಟ್‌ನ ಹಿತ್ತಾಳೆ ಗುಬಟೆಗಳ (ಸ್ಕ್ರೂ ಕೂರುವ ಪುಟ್ಟ ಕಂಬಗಳು) ಮೇಲೆ ಕೂರಿಸಿ. ಬೋರ್ಡಿನಲ್ಲಿ ತೂತಿಲ್ಲದ ಕಡೆ ಗುಬಟೆ ಇರಬಾರದು, ಶಾರ್ಟ್ ಆಗುತ್ತದೆ. ಮುಂದಿನ ಫ್ಯಾನ್ ಗಾಳಿ ಒಳಕ್ಕೆ, ಹಿಂದಿನದು ಹೊರಕ್ಕೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ವೈರನ್ನು ಕಾರ್ಡ್‌ಗೇ ಚುಚ್ಚಿ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಇಲ್ಲವೇ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ರ‍್ಯಾಮ್ ಪೂರ್ತಿ ವೇಗದಲ್ಲಿ ಓಡುವುದಿಲ್ಲ.

ಕ್ಯಾಬಿನೆಟ್ ನೆಲದ ಮೇಲೆ ಬೇಡ, ದೂಳು ಜಾಸ್ತಿ ಇರುವುದು ಅಲ್ಲೇ. ಗೋಡೆಯಿಂದ ಒಂದು ಗೇಣು ದೂರ ಇಡಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಒಂದು ಬೆರಳು ಅಡ್ಡ ಇರಲಿ.