ಎಲ್ ನಿನೋ ವರ್ಷದಲ್ಲಿ ಸ್ಕ್ವಿಡ್ ಇಳುವರಿ ಅಂದಾಜಿಸುವುದು ಹೇಗೆ?

ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದೈತ್ಯ ದಾಯಾದಿಯೊಂದು ಪೆರು ದೇಶದ ಕಡಲಿನಲ್ಲಿದೆ. ಅಲ್ಲಿನವರಿಗೆ ಅದು ಪೋಟಾ. ಪೈಟಾ ಬಂದರಿನ ಸಣ್ಣ ದೋಣಿಗಳವರು ಬಹುಮಟ್ಟಿಗೆ ಇದನ್ನೇ ನೆಚ್ಚಿದ್ದಾರೆ. ಎಲ್ ನಿನೋ ಎಂದರೆ ಪೆಸಿಫಿಕ್ ಕಡಲಿನ ಮೇಲ್ಪದರ ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಬಿಸಿಯಾಗುವುದು; ಹಾಗೆ ಕಡಲು ಬಿಸಿಯೇರಿದಾಗ ಇದರ ಇಳುವರಿ ಏನಾದೀತೆಂದು ಅಂದಾಜಿಸಲು ಹೀಗೆ ಹೊರಡಬೇಕು.

ಮೊದಲು ಪ್ರಾಣಿಯ ಆಯುಸ್ಸನ್ನು ಗಮನಿಸಿ. ಪೋಟಾ ಬದುಕುವುದು ಒಂದು, ಹೆಚ್ಚೆಂದರೆ ಎರಡು ವರ್ಷ. ಹಲವು ವರ್ಷ ಬಾಳುವ ಮೀನುಗಳಲ್ಲಿ ಒಂದು ಸಾಲಿನ ಮರಿಗಳು ನಾಶವಾದರೂ ಹಿಂದಿನ ಸಾಲಿನವು ಬಲೆಗೆ ಬೀಳುತ್ತವೆ. ಇಲ್ಲಿ ಅಂಥ ಉಳಿತಾಯದ ಗಂಟಿಲ್ಲ.

ಎರಡನೆಯದಾಗಿ, ಸರಿಯಾದ ಜಾಗದ ಉಷ್ಣತೆಯನ್ನು ನೋಡಬೇಕು. ಎಲ್ ನಿನೋ ಸುದ್ದಿಗಳಿಗೆ ಆಧಾರವಾಗುವುದು ಸಾಮಾನ್ಯವಾಗಿ ಪೆಸಿಫಿಕ್‌ನ ನಡುಭಾಗದ ‘ನಿನೋ 3.4’ ವಲಯ. ಪೆರು ಕರಾವಳಿಗೆ ಅಂಟಿಕೊಂಡಿರುವುದು ‘ನಿನೋ 1+2’. 2017ರ ಆರಂಭದಲ್ಲಿ ನಡುಸಾಗರ ಹೆಚ್ಚುಕಡಿಮೆ ವಾಡಿಕೆಯಂತೆಯೇ ಇದ್ದಾಗ ಪೆರುವಿನ ತೀರ ಮಾತ್ರ ವಿಪರೀತ ಬಿಸಿಯಾಗಿ, ಅಲ್ಲಿ ಭಾರಿ ನೆರೆ ಬಂದಿತ್ತು. ಹಾಗಾಗಿ ‘ನಿನೋ 3.4’ರ ಉಷ್ಣತೆಯನ್ನಷ್ಟೇ ನಂಬಿದವರು ಮೋಸ ಹೋಗುತ್ತಾರೆ.

ಮೂರನೆಯದು ಕಡಲಿನ ಒಳಗಿನ ಸ್ಥಿತಿ. ನನ್ನ ಮಟ್ಟಿಗೆ ಮುಖ್ಯವಾದುದು ಇದೇ. ವಾಡಿಕೆಯ ವರ್ಷಗಳಲ್ಲಿ ಗಾಳಿಯು ತೀರದ ಮೇಲ್ಪದರದ ನೀರನ್ನು ಆಚೆ ದೂಡುವುದರಿಂದ, ಪೋಷಕಾಂಶ ತುಂಬಿದ ತಣ್ಣೀರು ಆಳದಿಂದ ಮೇಲೇಳುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳೂ, ಅವನ್ನು ತಿನ್ನುವ ಜೀವಿಗಳೂ, ಅವನ್ನು ನುಂಗುವ ಪೋಟಾವೂ ಕೊಬ್ಬುತ್ತವೆ. ಎಲ್ ನಿನೋ ಬಂದಾಗ ಬೆಚ್ಚನೆಯ ಪದರ ದಪ್ಪವಾಗಿ, ಮೇಲೇಳುವ ನೀರೂ ಬೆಚ್ಚಗೆ, ಸಾರವಿಲ್ಲದ್ದಾಗಿರುತ್ತದೆ. ಸಸ್ಯಗಳ ಹಸಿರು ದ್ರವ್ಯವಾದ ಕ್ಲೋರೊಫಿಲ್ ಎಲ್ಲೆಲ್ಲಿದೆಯೆಂದು ತೋರುವ ಉಪಗ್ರಹದ ನಕ್ಷೆಯಲ್ಲಿ ತೀರದ ಹಸಿರು ಪಟ್ಟಿ ತೆಳುವಾದರೆ ಎಚ್ಚರಗೊಳ್ಳಬೇಕು.

ನಾಲ್ಕನೆಯದು ದೋಣಿಗೆ ಬಂದ ಸ್ಕ್ವಿಡ್‌ನ ಗಾತ್ರ. ಕೈಗಳನ್ನು ಬಿಟ್ಟು, ಕೊಳವೆಯಂಥ ಒಡಲನ್ನಷ್ಟೇ ಅಳೆಯಿರಿ. 2009–10ರ ಎಲ್ ನಿನೋ ಬಳಿಕ ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಇದೇ ಜಾತಿಯವು ಆರು ತಿಂಗಳು ತುಂಬುವ ಮೊದಲೇ, ಅಡಿಯುದ್ದವೂ ಬೆಳೆಯದೆ, ಸಂತಾನೋತ್ಪತ್ತಿಗೆ ಸಿದ್ಧವಾಗತೊಡಗಿದವು. ಪ್ರಾಣಿಯೇನೋ ಬದುಕಿಕೊಂಡಿತು, ಮೀನುಗಾರನ ಬುಟ್ಟಿ ಹಗುರವಾಯಿತು, ಮುಂದಿನ ವರ್ಷಗಳಲ್ಲಿ ಅಲ್ಲಿನ ಉದ್ಯಮವೇ ಕುಸಿಯಿತು.

ಕೊನೆಗೆ, ಒಟ್ಟು ಟನ್ನುಗಳ ಬದಲು ಒಂದು ದೋಣಿಗೆ ಒಂದು ರಾತ್ರಿಯಲ್ಲಿ ಸಿಕ್ಕ ತೂಕವನ್ನು ಹೋಲಿಸಬೇಕು. ಸುತ್ತಲೂ ಮೇಲ್ಮುಖವಾದ ಕೊಕ್ಕೆಗಳಿರುವ ಹೊಳೆಯುವ ಗಾಳಕ್ಕೆ ದೀಪದ ಬೆಳಕಿನಲ್ಲಿ ಇವು ಎರಗುವುದರಿಂದ, ಬೆಳದಿಂಗಳ ರಾತ್ರಿಗಳನ್ನು ಬೇರೆಯಾಗಿಯೇ ಲೆಕ್ಕಹಾಕುವುದು ಒಳ್ಳೆಯದು. ಬಿಸಿಯ ಪೆಟ್ಟು ತಡವಾಗಿಯೂ ತಟ್ಟಬಹುದು: ಪೆರುವಿನ ತೀರ 2023ರಲ್ಲಿ ಬಿಸಿಯೇರಿತು, ಪೋಟಾ ಇಳುವರಿ ತೀವ್ರವಾಗಿ ಕುಸಿದದ್ದು 2024ರಲ್ಲಿ.