ಸ್ಪ್ರಿಂಗ್ ಪಟ್ಟಿಯ ಕತ್ತಿಗೆ ಹದ ಕೊಡುವ ಕ್ರಮ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟವಿರುವವರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಆಚಾರಿಯವರಿಗೆ ಕೊಟ್ಟು ಸೊಪ್ಪು ಕಡಿಯುವ ಕತ್ತಿ ಮಾಡಿಸುವುದುಂಟು. ಒಂದೇ ಪಟ್ಟಿಯಿಂದಾದ ಎರಡು ಕತ್ತಿಗಳಲ್ಲಿ ಒಂದರ ಬಾಯಿ ಮಡಚಿಕೊಂಡು, ಇನ್ನೊಂದರದು ಚಕ್ಕೆ ಎದ್ದರೆ ದೂರು ಸಾಮಾನ್ಯವಾಗಿ ಕಬ್ಬಿಣದ ಮೇಲೆ ಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪಿರುವುದು ಹದ, ಅಂದರೆ ಕಾಯಿಸಿ ತಣಿಸಿ ಗಡಸುತನವನ್ನು ಬೇಕಾದಷ್ಟಕ್ಕೆ ತರುವ ಕೆಲಸ.

ಈ ಉಕ್ಕಿನಲ್ಲಿ ಇಂಗಾಲದ ಅಂಶ ಶೇಕಡಾ 0.5ರಿಂದ 0.6ರಷ್ಟಿರುತ್ತದೆ. ಫೆರೈಟ್ ಎಂಬ ಮೃದು ಕಬ್ಬಿಣ ಹೆಚ್ಚೆಂದರೆ ಶೇಕಡಾ 0.02ರಷ್ಟು ಇಂಗಾಲವನ್ನು ಮಾತ್ರ ಕರಗಿಸಿಕೊಳ್ಳಬಲ್ಲದಾದ್ದರಿಂದ, ನಿಧಾನವಾಗಿ ತಣಿದ ಉಕ್ಕಿನಲ್ಲಿ ಮಿಕ್ಕ ಇಂಗಾಲವು ಸಿಮೆಂಟೈಟ್ ಎಂಬ ಗಡಸು ಸಂಯುಕ್ತವಾಗಿ ಬೇರ್ಪಟ್ಟು, ಫೆರೈಟಿನೊಂದಿಗೆ ತೆಳು ಪದರ ಪದರವಾಗಿ ಕೂರುತ್ತದೆ. ಈ ರಚನೆಗೆ ಪರ್ಲೈಟ್ ಎನ್ನುತ್ತಾರೆ. ಸಾದಾ ಇಂಗಾಲದ ಉಕ್ಕನ್ನು 727 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದಾಗ ಪರಮಾಣುಗಳ ಜೋಡಣೆ ಬದಲಾಗಿ ಆಸ್ಟೆನೈಟ್ ಹುಟ್ಟತೊಡಗುತ್ತದೆ. ಇಂಗಾಲ ಅದರಲ್ಲಿ ಸುಲಭವಾಗಿ ಕರಗುತ್ತದೆ. ಆಗ ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಬೇರ್ಪಡುವಷ್ಟು ವ್ಯವಧಾನ ಸಿಗುವುದಿಲ್ಲ. ಅದು ಒಳಗೇ ಸಿಕ್ಕಿಬಿದ್ದು ಜೋಡಣೆಯನ್ನು ಹಿಗ್ಗಿಸಿ ಬಿಗಿಯುತ್ತದೆ, ಮಾರ್ಟೆನ್ಸೈಟ್ ಉಂಟಾಗುತ್ತದೆ. ಪರಮಾಣುಗಳ ಸಾಲುಗಳು ಜಾರಲಾರದ ಈ ಬಿಗಿತವೇ ಗಡಸುತನಕ್ಕೂ, ಪೆಟ್ಟು ಬಿದ್ದಾಗ ಸಿಡಿಯುವುದಕ್ಕೂ ಕಾರಣ.

ಬಡಿದು ಆಕಾರ ಕೊಡುವಾಗಿನ ಹೆಚ್ಚಿನ ಕಾವಿಗೆ ಉಕ್ಕಿನ ಕಣಗಳು ದೊಡ್ಡದಾಗಿರುತ್ತವೆ. ಆದ್ದರಿಂದ ಅವು ಮತ್ತೆ ಸಣ್ಣದಾಗುವಂತೆ ಅಲಗನ್ನು ಮೊದಲು ಎರಡು ಮೂರು ಬಾರಿ ಕೆಂಪಗೆ ಕಾಯಿಸಿ, ಗಾಳಿಯಲ್ಲಿ ತಾನಾಗಿ ತಣಿಯಲು ಬಿಡಬೇಕು.

ಗಡಸು ಮಾಡುವಾಗ ಕುಲುಮೆ ನೆರಳಿನಲ್ಲಿರಲಿ, ಬಿಸಿಲಿನಲ್ಲಿ ಕಾವಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಗೆರಟೆ ಇದ್ದಿಲಿನ ಕೆಂಡದಲ್ಲಿ ಅಲಗಿನ ಬೆನ್ನನ್ನು ಕೆಳಗೆ ಮಾಡಿ ಕಾಯಿಸಬೇಕು, ಇಲ್ಲವಾದರೆ ತೆಳುವಾದ ಬಾಯಿ ಮೊದಲೇ ಅತಿಯಾಗಿ ಕಾಯುತ್ತದೆ. ಆಗಾಗ ಅಯಸ್ಕಾಂತ ತಾಗಿಸಿ ನೋಡಬೇಕು. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅದಕ್ಕೆ ಅಂಟುವುದನ್ನು ಬಿಡುತ್ತದೆ. ಸ್ಪ್ರಿಂಗ್ ಉಕ್ಕಿನಲ್ಲಿರುವ ಸಿಲಿಕಾನ್ ಆಸ್ಟೆನೈಟ್ ಆಗಲು ಬೇಕಾದ ಕಾವನ್ನು ಏರಿಸುವುದರಿಂದ ಅಲ್ಲಿಗೇ ನಿಲ್ಲಿಸದೆ, ಬಣ್ಣ ಇನ್ನಷ್ಟು ತಿಳಿಯಾಗುವವರೆಗೆ, ಅಂದರೆ 850 ಡಿಗ್ರಿಯ ಮೇಲಕ್ಕೆ, ಕಾಯಿಸಬೇಕಾಗುತ್ತದೆ. ಬಳಿಕ ಎಣ್ಣೆಯಲ್ಲಿ ಅದ್ದಬೇಕು. ಕೆಲವರು ಹಳೆಯ ರೂಢಿಯಂತೆ ನೀರಿಗೇ ಹಾಕುತ್ತಾರೆ. ಈ ಉಕ್ಕಿಗೆ ನೀರು ತಣಿಸುವ ವೇಗ ಹೆಚ್ಚಾಗಿ ಬಾಯಿ ಬಿರಿಯುವ ಅಪಾಯವಿದೆ. ತೆಂಗಿನೆಣ್ಣೆಯಾಗಲಿ ಕಡಲೆ ಎಣ್ಣೆಯಾಗಲಿ 60 ಡಿಗ್ರಿಯಷ್ಟು ಬೆಚ್ಚಗಿದ್ದರೆ ತೆಳುವಾಗಿ ಹರಿದು ಚೆನ್ನಾಗಿ ತಣಿಸುತ್ತದೆ. ಇಂಜಿನಿನ ಹಳೆಯ ಎಣ್ಣೆಯ ಹೊಗೆ ಕೆಟ್ಟದ್ದು, ಅದು ಬೇಡ. ತುದಿ ಮೊದಲಾಗಿ ನೇರ ಇಳಿಸಿ ಮೇಲೆ ಕೆಳಗೆ ಆಡಿಸಬೇಕು; ಅಡ್ಡಡ್ಡ ಬೀಸಿದರೆ ಅಲಗು ಸೊಟ್ಟಗಾಗುತ್ತದೆ. ಎಣ್ಣೆಗೆ ಬೆಂಕಿ ಹತ್ತುವ ಸಾಧ್ಯತೆಯಿರುವುದರಿಂದ ಉದ್ದ ಹಿಡಿಯ ಇಕ್ಕಳವೂ ಪಾತ್ರೆಗೆ ಕಬ್ಬಿಣದ ಮುಚ್ಚಳವೂ ಕೈಗೆ ಸಿಗುವಂತಿರಬೇಕು.

ತಣಿದ ಮೇಲೆ ಬಾಯಿಗೆ ಅರ ಉಜ್ಜಿದಾಗ ಅದು ಕಚ್ಚದೆ ಜಾರಿದರೆ ಗಡಸು ಬಂದಿದೆ ಎಂದರ್ಥ. ಮನೆ ಕಟ್ಟುವ ಮೆದು ಕಬ್ಬಿಣದ ಸರಳಿನಲ್ಲಿ ಇದನ್ನು ಎಷ್ಟು ಬಾರಿ ಪ್ರಯತ್ನಿಸಿದರೂ ಫಲವಿಲ್ಲ, ಬೇಕಾದಷ್ಟು ಇಂಗಾಲವೇ ಅದರಲ್ಲಿಲ್ಲ.

ಗಡಸು ಮಾಡಿದ ದಿನವೇ ಅಲಗನ್ನು ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ಇಳಿಸಬೇಕು, ಮರುದಿನಕ್ಕೆ ಬಿಟ್ಟರೆ ಒಳಗಿನ ಬಿಗಿತಕ್ಕೆ ಅಲಗು ತಾನಾಗಿಯೇ ಬಿರಿಯಬಹುದು. ಅಲಗನ್ನು ಹೊಳೆಯುವಂತೆ ಉಜ್ಜಿ, ಕೆಂಪಗೆ ಕಾದ ದಪ್ಪ ಕಬ್ಬಿಣದ ತುಂಡಿನ ಮೇಲೆ ಬೆನ್ನನ್ನಿಟ್ಟರೆ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿಯುವುದು ಕಾಣಿಸುತ್ತದೆ: ತಿಳಿ ಹುಲ್ಲಿನ ಹಳದಿ ಸುಮಾರು 220 ಡಿಗ್ರಿ, ಕಂದು 260, ನೇರಳೆ 280, ನೀಲಿ 300. ಈ ಕಾವಿಗೆ, ಒಳಗೆ ಸಿಕ್ಕಿಬಿದ್ದಿದ್ದ ಇಂಗಾಲ ಅತಿಸೂಕ್ಷ್ಮ ಕಾರ್ಬೈಡ್ ಕಣಗಳಾಗಿ ಹೊರಬರುತ್ತದೆ. ಗಡಸುತನ ಸ್ವಲ್ಪ ಇಳಿದು ಪೆಟ್ಟು ತಾಳುವ ಗುಣ ಬರುತ್ತದೆ. ಸೊಪ್ಪಿನ ಕತ್ತಿಯ ಬಾಯಿಗೆ ಕಂದು ಬಣ್ಣ ತಲುಪಿದೊಡನೆ ನೀರಿನಲ್ಲಿ ಅದ್ದಿ ನಿಲ್ಲಿಸಬೇಕು. ಗಟ್ಟಿ ಮರದ ಗೆಲ್ಲು ಕಡಿಯುವುದಾದರೆ ನೇರಳೆಯವರೆಗೆ ಬಿಡಬಹುದು. ಬೆನ್ನು ನೀಲಿಯಾದರೆ ಒಳ್ಳೆಯದೇ.

ಮುಂದೆ ಗ್ರೈಂಡರಿನಲ್ಲಿ ಮಸೆಯುವಾಗ ಬಾಯಿಯಲ್ಲಿ ನೀಲಿ ಮೂಡಿತೆಂದರೆ ಅಷ್ಟು ಭಾಗದ ಹದ ಹೋಗಿದೆ; ಆ ಭಾಗವನ್ನು ನೀರು ಹಾಕುತ್ತಾ ಕಲ್ಲಿನ ಮೇಲೆ ಮಸೆದು ತೆಗೆಯಬೇಕು, ಇಲ್ಲವೇ ಮತ್ತೆ ಕುಲುಮೆಗೆ ಕೊಡಬೇಕು.